ಮೊಲದ ಕಿವಿಯ ಪುಟ್ಟ ಡ್ಯಾಫೊಡಿಲ್ ಬೆಳೆಸುವುದು ಹೇಗೆ?

ಡ್ಯಾಫೊಡಿಲ್ ಅಂದರೆ ಉದ್ದ ದಂಟಿನ ದೊಡ್ಡ ಹೂವೇ ಕಣ್ಣಮುಂದೆ ಬರುತ್ತದೆ, ಅಲ್ವಾ? ನಾರ್ಸಿಸಸ್ ಸೈಕ್ಲಮಿನಿಯಸ್ ಎಂಬ ಈ ಕಾಡು ಜಾತಿ ಒಂದು ಗೇಣು ದಾಟುವುದೇ ಅಪರೂಪ. ಅಚ್ಚ ಹಳದಿಯ ಸಪೂರ ಕೊಳವೆ ನೆಲ ನೋಡುತ್ತಿರುತ್ತದೆ. ಆರು ಎಸಳೂ ಓಡುವ ಮೊಲದ ಕಿವಿಯಂತೆ ಪೂರ್ತಿ ಹಿಂದಕ್ಕೆ ಮಡಚಿಕೊಂಡಿರುತ್ತವೆ. 1837ರಲ್ಲಿ ಇಂಗ್ಲೆಂಡಿನ ಸಸ್ಯತಜ್ಞ ವಿಲಿಯಂ ಹರ್ಬರ್ಟ್ ಇದರ ಹಳೆಯ ಚಿತ್ರ ನೋಡಿ, ಇಂಥ ಹೂವು ಎಲ್ಲೂ ಸಿಗುವುದಿಲ್ಲ ಎಂದುಬಿಟ್ಟಿದ್ದರು. 1885ರ ಹೊತ್ತಿಗೆ ಅದು ಪೋರ್ಚುಗಲ್ಲಿನ ಪೋರ್ಟೊ ಬಳಿ ಮತ್ತೆ ಸಿಕ್ಕಿತು!

ಇದರ ತವರು ಪೋರ್ಚುಗಲ್‌ನ ಉತ್ತರ ಭಾಗ ಮತ್ತು ಸ್ಪೇನಿನ ವಾಯವ್ಯ ಭಾಗದ ಹೊಳೆದಂಡೆ, ಒದ್ದೆ ಹುಲ್ಲುಗಾವಲು. ಹಾಗಾಗಿ ಮೊದಲು ತೇವ ಆರದ ಜಾಗ ಹುಡುಕಿ. ಎಲೆ ಉದುರಿಸುವ ಮರದ ಕೆಳಗಿನ ಅರೆನೆರಳು ಒಳ್ಳೆಯದು. ಮಣ್ಣು ಸ್ವಲ್ಪ ಹುಳಿ ಗುಣದ್ದಿರಬೇಕು, ಸುಣ್ಣದಂಶ ಬೇಡ. ಕೊಳೆತ ಎಲೆಗೊಬ್ಬರವನ್ನು ಧಾರಾಳವಾಗಿ ಬೆರೆಸಿ. ನೀರು ಮಡುಗಟ್ಟಿ ನಿಲ್ಲಬಾರದು.

ಹೆಚ್ಚಿನವರು ಸೋಲುವುದು ಗೆಡ್ಡೆ ಕೊಳ್ಳುವಾಗಲೇ. ಇದರ ಗೆಡ್ಡೆ ತೀರಾ ಚಿಕ್ಕದು, ಪೊಟ್ಟಣದಲ್ಲಿ ಒಣಗಿ ಕೂತರೆ ಬೇಗ ಸಾಯುತ್ತದೆ. ಎರಡು ಬೆರಳಲ್ಲಿ ಒತ್ತಿ ನೋಡಿ: ಗಟ್ಟಿಯಾಗಿ, ಭಾರವಾಗಿದ್ದರೆ ಮಾತ್ರ ತೆಗೆದುಕೊಳ್ಳಿ. ಕುಂಡದಲ್ಲಿ ಎಲೆಸಮೇತ ಬೆಳೆದಿರುವ ಗಿಡ ಸಿಕ್ಕರೆ ಇನ್ನೂ ಒಳ್ಳೆಯದು, ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ಕೊಳ್ಳಿ. ಕಾಡಿನಿಂದ ಅಗೆದು ತಂದದ್ದನ್ನು ಮುಟ್ಟಬೇಡಿ, ಯುರೋಪಿನ ಒಕ್ಕೂಟದ ಕಾನೂನು ಈ ಸಸ್ಯಕ್ಕೆ ರಕ್ಷಣೆ ಕೊಟ್ಟಿದೆ.

ಒಣ ಗೆಡ್ಡೆಯಾದರೆ ಸೆಪ್ಟೆಂಬರ್‌ನಲ್ಲಿ, ಕೈಗೆ ಬಂದ ಕೂಡಲೇ ನೆಡಿ. ಆಳ 5ರಿಂದ 8 ಸೆಂ.ಮೀ. ಸಾಕು. ಗೆಡ್ಡೆಯ ರಸದಿಂದ ಚರ್ಮ ತುರಿಸಬಹುದು, ಕೈಗವಸು ಹಾಕಿಕೊಳ್ಳಿ. ಗಿಡವೆಲ್ಲ ವಿಷ, ಗೆಡ್ಡೆ ಈರುಳ್ಳಿಯಂತೆ ಕಾಣುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಿ.

ಫೆಬ್ರವರಿ–ಮಾರ್ಚ್‌ನಲ್ಲಿ ಹೂ ಬರುತ್ತದೆ. ಹೂ ಮುಗಿದ ಮೇಲೆ ಎಲೆ ಕತ್ತರಿಸಬೇಡಿ, ಗಂಟು ಕಟ್ಟಲೂ ಬೇಡಿ. ಮುಂದಿನ ವರ್ಷದ ಹೂವಿಗೆ ಗೆಡ್ಡೆ ತುಂಬಿಕೊಳ್ಳುವುದು ಈಗಲೇ. ಬೇರೆ ಡ್ಯಾಫೊಡಿಲ್‌ಗಳಿಗೆ ಬೇಸಿಗೆಯಲ್ಲಿ ಮಣ್ಣು ಒಣಗಿದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಎಲೆ ಮಾಯವಾಗಿದೆ ಎಂದು ಕುಂಡವನ್ನು ಮರೆಯಬೇಡಿ. ನಲ್ಲಿ ನೀರು ಗಡಸಾಗಿದ್ದರೆ ಮಳೆನೀರು ಹಿಡಿದು ಹಾಕಿ.

ಗಿಡ ಹೆಚ್ಚಿಸಲು ಬೀಜವೇ ಸರಿ. ಕಾಯಿ ಬಿರಿದು ಕಪ್ಪು ಬೀಜ ಕಂಡ ಕೂಡಲೇ ಬಿತ್ತಿ, ಇಲ್ಲವೇ ಸುಮ್ನೆ ಅಲ್ಲೇ ಉದುರಲು ಬಿಡಿ. ಮೊದಲ ವರ್ಷ ಕಾಣುವುದು ಹುಲ್ಲುಕಡ್ಡಿಯಂಥ ಒಂದೇ ಎಲೆ. ಕಳೆ ಎಂದು ಕೀಳದಂತೆ ಅಲ್ಲೊಂದು ಗುರುತು ನೆಡಿ. ಹೂವಿಗೆ 3–4 ವರ್ಷ ಕಾಯಬೇಕು.