ಹಾಜರಿ ಪುಸ್ತಕದಲ್ಲಿ ಕಿವುಡರು ಎಷ್ಟು ಜನ?

ಹುಬ್ಬಳ್ಳಿಯಲ್ಲಿ ನಮ್ಮ ಟ್ರಸ್ಟ್ ಶುರುವಾಗಿ ಒಂಬತ್ತು ವರ್ಷ ಆಗಿತ್ತು. 2019ರಲ್ಲಿ ಒಂದು ಕಂಪನಿಯ ಸಿಎಸ್‌ಆರ್ (ಸಮಾಜದ ಕೆಲಸಕ್ಕೆಂದು ಕಂಪನಿ ಕೊಡುವ ಹಣ) ಅರ್ಜಿ ತುಂಬುತ್ತ ಕೂತಿದ್ದೆ. ಒಂದು ಕಾಲಂನಲ್ಲಿ 'ನಿಮ್ಮ ಸಿಬ್ಬಂದಿಯಲ್ಲಿ ಅಂಗವಿಕಲರು ಎಷ್ಟು?' ಅಂತ ಇತ್ತು. ಹಾಜರಿ ಪುಸ್ತಕ ತೆಗೆದೆ. ಹನ್ನೊಂದು ಹೆಸರು. ಕಿವುಡರಿಗಾಗಿಯೇ ಇರುವ ಸಂಸ್ಥೆಯಲ್ಲಿ ಕಿವುಡರು ಒಬ್ಬರೇ: ಬೆಳಿಗ್ಗೆ ಕಸ ಗುಡಿಸಿ ಹನ್ನೊಂದಕ್ಕೆ ಚಹಾ ಕೊಡುವ ಅಕ್ಕ. '1' ಅಂತ ಬರೆದೆ. ಹಣವೂ ಬಂತು.

ನಾನು ಈ ಕೆಲಸಕ್ಕೆ ಇಳಿದದ್ದು ತಮ್ಮನ ದೆಸೆಯಿಂದ. ಅವನು ಹುಟ್ಟಾ ಕಿವುಡ. ಚಿಕ್ಕವನಿದ್ದಾಗ ಹಾಕಿದ ಶಾಲೆಯಲ್ಲಿ ಬಾಯಿಮುಂದೆ ಕಾಗದದ ಪಟ್ಟಿ ಹಿಡಿದು 'ಪ' ಅನ್ನಿಸುತ್ತಿದ್ದರು. ಕಾಗದ ಅಲುಗಾಡಿದರೆ 'ಪ' ಬಂತು, ಇಲ್ಲದಿದ್ದರೆ ಇನ್ನೊಮ್ಮೆ. ಕೈ ಎತ್ತಿ ಸನ್ನೆ ಮಾಡಿದರೆ ಏಟು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರು ಸಭೆ ಸೇರಿ, ಕಲಿಸುವುದಕ್ಕೆ ಬಾಯಿಮಾತೇ ಮೇಲು, ಸನ್ನೆ ಬೇಡ ಅಂತ ನಿರ್ಣಯ ಮಾಡಿದ್ದರಂತೆ. ಆ ಸಭೆಯಲ್ಲಿ ಕೂತಿದ್ದವರು ಬಹುಪಾಲು ಕಿವಿ ಕೇಳುವವರೇ. ಆ ನಿರ್ಣಯದ ಬಿಸಿ ನೂರು ವರ್ಷ ದಾಟಿ ನಮ್ಮ ತಮ್ಮನ ಬೆರಳಿಗೂ ತಟ್ಟಿತ್ತು. ಆದರೆ ಟ್ರಸ್ಟ್ ಕಟ್ಟುವಾಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಒಮ್ಮೆ ಬಾಯಿಬಿಟ್ಟು 'ಅಕ್ಕಾ' ಅನ್ನಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಅದು ನನ್ನ ಆಸೆ, ಅವನದಲ್ಲ. ಇದು ಅರ್ಥವಾಗಲಿಕ್ಕೆ ಬಹಳ ವರ್ಷ ಹಿಡಿಯಿತು.

ಆ ಒಂಬತ್ತು ವರ್ಷ ನಾವು ಹೆಚ್ಚಾಗಿ ಮಾಡಿದ್ದು ಶ್ರವಣ ಸಾಧನ ಹಂಚುವ ಶಿಬಿರಗಳನ್ನು. ದಾನಿಗಳಿಗೆ ಅದು ಇಷ್ಟ. ಮಗುವಿನ ಕಿವಿಗೆ ಮಶೀನು ಹಾಕುತ್ತಿರುವ ಫೋಟೋ ಸಿಗುತ್ತದೆ, ಹಿಂದೆ ಬ್ಯಾನರ್. ಕಿವಿಯ ಹಿಂದೆ ಕೂರುವ ಮಶೀನಿನ ಬ್ಯಾಟರಿ ವಾರ ಹತ್ತು ದಿನಕ್ಕೆ ಮುಗಿಯುತ್ತದೆ, ಮಗು ಬೆಳೆದ ಹಾಗೆ ಕಿವಿಯ ಅಚ್ಚು ಬದಲಿಸಬೇಕು, ಅಚ್ಚು ಸರಿ ಕೂರದಿದ್ದರೆ ಕುಂಯ್ ಅಂತ ಕೂಗುತ್ತದೆ. ಇದಕ್ಕೆಲ್ಲ ದಾನಿ ಇಲ್ಲ. ಆರು ತಿಂಗಳ ನಂತರ ಮನೆಗಳಿಗೆ ಹೋದರೆ ಮಶೀನು ದೇವರ ಗೂಡಿನಲ್ಲಿ ಡಬ್ಬಿ ಸಮೇತ ಕೂತಿರುತ್ತಿತ್ತು.

ಅರ್ಜಿ ತುಂಬಿದ ಮೇಲೆ ಒಬ್ಬ ಕಿವುಡ ಶಿಕ್ಷಕನನ್ನು ತೆಗೆದುಕೊಳ್ಳೋಣ ಅಂತ ತೀರ್ಮಾನಿಸಿದೆವು. ಭಾರತೀಯ ಸನ್ನೆ ಭಾಷೆಗೆಂದೇ ದೆಹಲಿಯಲ್ಲಿ 2015ರಲ್ಲಿ ಸರ್ಕಾರಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾಗಿದೆ. ಅಲ್ಲಿ ಸನ್ನೆ ಭಾಷೆ ಕಲಿಸುವ ಡಿಪ್ಲೊಮಾ ಇದೆ, ಅದು ಕಿವುಡರಿಗಾಗಿಯೇ ಇರುವ ಕೋರ್ಸು. ಅದನ್ನು ಮುಗಿಸಿದ ಹುಡುಗ ಒಬ್ಬ ಸಿಕ್ಕ. ನಮ್ಮ ಅವಿವೇಕ ನೋಡಿ: ಉಳಿದವರಿಗೆ 'ಸಂಬಳ', ಅವನಿಗೆ ಮಾತ್ರ 'ಗೌರವಧನ'. ಗೌರವ ಹೆಚ್ಚು, ಧನ ಕಡಿಮೆ.

ನಾಲ್ಕನೇ ತಿಂಗಳಿಗೆ ಬಿಟ್ಟು ಹೋದ. ದುಡ್ಡಿಗಾಗಿ ಅಂದುಕೊಂಡೆ. ಕಾರಣ ಹೇಳಿದ್ದು ಚಹಾದ ಅಕ್ಕ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ನಗುತ್ತಿದ್ದರು, ಅವನು ಏನು ಅಂತ ಕೇಳಿದರೆ 'ಆಮೇಲೆ ಹೇಳ್ತೀವಿ' ಅನ್ನುವ ಸನ್ನೆ. ಆ 'ಆಮೇಲೆ' ಒಂದು ದಿನವೂ ಬರಲಿಲ್ಲ. ಮೀಟಿಂಗಿನಲ್ಲಿ ಮೂವರು ಒಟ್ಟಿಗೆ ಮಾತಾಡಿದರೆ ಯಾರ ಮುಖ ನೋಡುವುದು? ಕೊನೆಗೆ ನಾನು ಎರಡು ಸಾಲು ಬರೆದು ಕೊಡುತ್ತಿದ್ದೆ, ಅದೂ ಕನ್ನಡದಲ್ಲಿ. ಅವನಿಗೆ ಕನ್ನಡ ಎರಡನೇ ಭಾಷೆ. ಸನ್ನೆ ಭಾಷೆಯ ವ್ಯಾಕರಣವೇ ಬೇರೆ, 'ಏನು', 'ಯಾಕೆ' ಅಲ್ಲಿ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಚಹಾದ ಅಕ್ಕ ಅಷ್ಟು ವರ್ಷ ಇದೇ ಪಾಡು ಪಟ್ಟಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲೆ ಕೊರೊನಾ ಬಂತು, ಮಾಸ್ಕ್ ಬಂತು. ತುಟಿ ನೋಡಿ ತಿಳಿಯುತ್ತಿದ್ದವರಿಗೂ ಬಾಗಿಲು ಮುಚ್ಚಿತು.

2021ರಲ್ಲಿ ಮತ್ತೆ ಶುರು ಮಾಡಿದಾಗ ಒಬ್ಬರನ್ನಲ್ಲ, ಇಬ್ಬರು ಕಿವುಡ ಶಿಕ್ಷಕರನ್ನು ಒಟ್ಟಿಗೇ ತೆಗೆದುಕೊಂಡೆವು. ಕೆಲಸದ ಜಾಹೀರಾತನ್ನು ಪತ್ರಿಕೆಗೆ ಕೊಡಲಿಲ್ಲ. ಚಹಾದ ಅಕ್ಕನನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಸನ್ನೆಯಲ್ಲೇ ಹೇಳಿಸಿ ವಾಟ್ಸಾಪ್‌ಗೆ ಬಿಟ್ಟೆವು. ರಾತ್ರಿಯೊಳಗೆ ಬೆಳಗಾವಿ, ರಾಯಚೂರು, ಸೊಲ್ಲಾಪುರದಿಂದ ವಿಡಿಯೊ ಕಾಲ್. 'ಪಿಯುಸಿ ಕಡ್ಡಾಯ, ಇಂಗ್ಲಿಷ್ ಬರಬೇಕು' ಅನ್ನುವ ಸಾಲನ್ನು ಮೊದಲೇ ಹೊಡೆದು ಹಾಕಿದ್ದೆವು.

ಕಿವಿ ಕೇಳುವ ಅಭ್ಯರ್ಥಿಗಳಿಗೂ ಒಂದು ಪರೀಕ್ಷೆ ಇಟ್ಟೆವು: ಹತ್ತು ನಿಮಿಷ ಕಿವುಡರೊಬ್ಬರ ಎದುರು ಕೂರಬೇಕು, ಸನ್ನೆ ಅನುವಾದಿಸುವ ಇಂಟರ್‌ಪ್ರಿಟರ್ ಹೊರಗೆ. ಶ್ರವಣದೋಷದ ವಿಷಯದಲ್ಲೇ ವಿಶೇಷ ಬಿ.ಇಡಿ ಮಾಡಿದ ಇಬ್ಬರು 'ನಿಮ್ಮ ಊರು ಯಾವುದು' ಅನ್ನುವುದನ್ನು ದಾಟಿ ಮುಂದೆ ಹೋಗಲಿಲ್ಲ. ಪಾಸಾದವಳು ಪದವಿ ಇಲ್ಲದ ಹುಡುಗಿ, ಅಪ್ಪ ಅವ್ವ ಇಬ್ಬರೂ ಕಿವುಡರು. ಮಾತಿಗಿಂತ ಮೊದಲು ಸನ್ನೆ ಕಲಿತವಳು. 'ಯಾಕೆ ಈ ಕೆಲಸ?' ಅಂತ ಕೇಳಿದ್ದಕ್ಕೆ ಬಿ.ಇಡಿಯವರು 'ಸೇವೆ ಮಾಡಬೇಕು ಮೇಡಂ' ಅಂದಿದ್ದರು. ಇವಳು, 'ಸಣ್ಣಾಕಿ ಇದ್ದಾಗಿಂದ ಬ್ಯಾಂಕು, ದವಾಖಾನಿ ಎಲ್ಲಾ ಕಡೆ ಅಪ್ಪಗ ಬಿಟ್ಟಿ ಇಂಟರ್‌ಪ್ರಿಟರ್ ಆಗೀನ್ರಿ, ಇನ್ನ ಪಗಾರ ಬೇಕ್ರಿ' ಅಂದಳು. ಅಂದಿನಿಂದ 'ಸೇವೆ' ಅಂತ ಶುರು ಮಾಡುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಅವಳ ಪಗಾರಕ್ಕೆ ದಾನಿ ತಕರಾರು ತೆಗೆದರು. 'ಇದು ಆಡಳಿತ ವೆಚ್ಚ, ಕೊಡಲಿಕ್ಕೆ ಆಗುವುದಿಲ್ಲ.' ಶಾಲೆಗೆ ಮೇಷ್ಟ್ರು ಆಡಳಿತ ವೆಚ್ಚವೇ ಅಂತ ಕೇಳಿ, ಕಾರ್ಯಕ್ರಮದ ತಲೆಬರಹದ ಕೆಳಗೆ ಬರೆದು ಮತ್ತೆ ಕಳಿಸಿದೆ. ಮಂಜೂರಾಯಿತು. ವಿದೇಶಿ ದೇಣಿಗೆ ಪಡೆಯುವವರು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು, ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ.

ಮೀಟಿಂಗಿಗೆ ಈಗ ದುಂಡಗೆ ಕೂರುತ್ತೇವೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತದೆ, ಆ ಜಾಗದಲ್ಲಿ ಯಾರೂ ಕೂರುವಂತಿಲ್ಲ. ಮಾತಾಡುವವರು ಮೊದಲು ಕೈ ಎತ್ತಬೇಕು. ಅರ್ಧ ಗಂಟೆಯ ಮೀಟಿಂಗ್ ಒಂದೂವರೆ ಗಂಟೆ ಆಗಿದೆ. ಬೇಸರ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಹೊಸ ಶಿಕ್ಷಕರು ನನಗೂ ಒಂದು ಸನ್ನೆ ಹೆಸರು ಇಟ್ಟಿದ್ದಾರೆ: ಮೂಗಿನ ತುದಿಗೆ ಜಾರಿದ ಕನ್ನಡಕ.

ಒಂದು ದಿನ ಆ ಶಿಕ್ಷಕರಲ್ಲೊಬ್ಬರು ಮಕ್ಕಳಿಗೆ ಗ್ಯಾಲಾಡೆಟ್ ಕತೆ ಹೇಳುತ್ತಿದ್ದರು. ವಾಷಿಂಗ್ಟನ್‌ನ ಆ ಕಿವುಡರ ವಿಶ್ವವಿದ್ಯಾಲಯಕ್ಕೆ 1864ರಿಂದ 1988ರವರೆಗೆ ಕಿವುಡ ಅಧ್ಯಕ್ಷರೇ ಇರಲಿಲ್ಲ. 1988ರ ಮಾರ್ಚ್‌ನಲ್ಲಿ ಮತ್ತೆ ಕಿವಿ ಕೇಳುವವರನ್ನೇ, ಅದೂ ಸನ್ನೆ ಬಾರದವರನ್ನು, ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿದರು. ವಾರದೊಳಗೆ ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಆಡಳಿತ ಮಂಡಳಿಯಲ್ಲಿ ಶೇ 51 ಕಿವುಡರಿರಬೇಕು ಅನ್ನುವುದೂ ವಿದ್ಯಾರ್ಥಿಗಳ ಬೇಡಿಕೆಯಾಗಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಬ್ಬ ಹುಡುಗ ನನ್ನ ಕಡೆ ತಿರುಗಿ, ಇಲ್ಲಿ ಎಷ್ಟು ಅಂತ ಕೇಳಿದ.

ನಮ್ಮ ಟ್ರಸ್ಟಿಗಳು ಏಳು ಜನ. ಆಗ ಸೊನ್ನೆ, ಈಗ ಮೂವರು. ಚಹಾದ ಅಕ್ಕ ಅವರಲ್ಲಿ ಒಬ್ಬಳು. ನಾಲ್ಕನೆಯದು ನನ್ನ ಕುರ್ಚಿ ಆಗಬೇಕು. ಮೂರು ಸಲ ರಾಜೀನಾಮೆ ಬರೆದಿದ್ದೇನೆ, ಮೂರೂ ಡ್ರಾಯರ್‌ನಲ್ಲಿವೆ.

ತಮ್ಮ ಈಗ ಬೆಂಗಳೂರಿನಲ್ಲಿ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾನೆ. ಆ ಕುರ್ಚಿಗೆ ನೀನೇ ಬಾ ಅಂತ ವಿಡಿಯೊ ಕಾಲ್‌ನಲ್ಲಿ ಕರೆದೆ. ಟ್ರಸ್ಟಿಗೆ ಪಗಾರ ಎಷ್ಟು ಅಂತ ಕೇಳಿದ. ಇಲ್ಲ ಅಂದೆ. ಹಾಗಾದರೆ ಶಿಕ್ಷಕರಿಗೆ ಎಷ್ಟು ಅಂದ. ಹೇಳಿದೆ. ನಕ್ಕು, ತನ್ನದನ್ನು ಬೆರಳಲ್ಲಿ ತೋರಿಸಿದ. ನಾವು ಕೊಡುವುದಕ್ಕಿಂತ ಮೂರು ಸಾವಿರ ಹೆಚ್ಚಿತ್ತು.