ಟೆಕ್ಸಾಸ್‌ನಲ್ಲಿ ವಾಸದ ಮನೆಗೆ ಆಸ್ತಿ ತೆರಿಗೆ ವಿನಾಯಿತಿ: ಅರ್ಜಿ ಹಾಕುವ ಬಗೆ

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ ಕಾರಣ ಶಾಲೆಗಳ ಖರ್ಚಿನ ದೊಡ್ಡ ಪಾಲು ಮನೆಗಳ ಮೇಲಿನ ತೆರಿಗೆಯಿಂದಲೇ ಬರುತ್ತದೆ. ಸ್ವಂತ ವಾಸದ ಮನೆಗೆ ಕಾನೂನು ಹೋಮ್‌ಸ್ಟೆಡ್ ವಿನಾಯಿತಿ ಕೊಟ್ಟಿದೆಯಾದರೂ, ಮನೆ ಕೊಂಡು ನೋಂದಣಿ ಮುಗಿದ ಮಾತ್ರಕ್ಕೆ ಅದು ತಾನಾಗಿ ಸಿಗುವುದಿಲ್ಲ. ಮಾಲೀಕರೇ ಅರ್ಜಿ ಹಾಕಿ ಪಡೆಯಬೇಕು.

2025ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯಂತೆ ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆಯ ಮೌಲ್ಯದಿಂದ 1,40,000 ಡಾಲರ್ ಕಳೆಯಲಾಗುತ್ತದೆ. ಮನೆಯ ಮೌಲ್ಯ 4,00,000 ಡಾಲರ್, ಶಾಲಾ ತೆರಿಗೆಯ ದರ ನೂರಕ್ಕೆ ಒಂದು ಡಾಲರ್ ಎಂದಿಟ್ಟುಕೊಂಡರೆ, ವರ್ಷಕ್ಕೆ 1,400 ಡಾಲರ್ ಉಳಿಯುತ್ತದೆ. ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಮರುವರ್ಷದಿಂದ ಜಾರಿಗೆ ಬರುವ ಮಿತಿ: ಹೊಸದಾಗಿ ಏನನ್ನೂ ಕಟ್ಟಿಸದಿದ್ದರೆ, ಮಾರುಕಟ್ಟೆಯ ಬೆಲೆ ಎಷ್ಟೇ ಏರಿದರೂ ತೆರಿಗೆಗೆ ಹಿಡಿಯುವ ಮೌಲ್ಯವನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ.

ಅರ್ಜಿಯ ನಮೂನೆ 50-114. ಅದನ್ನು ಸಲ್ಲಿಸಬೇಕಾದದ್ದು ತೆರಿಗೆ ಕಟ್ಟುವ ಕಚೇರಿಗಲ್ಲ, ಮನೆ ಇರುವ ಕೌಂಟಿಯಲ್ಲಿ (ಅಂದರೆ ಜಿಲ್ಲೆಯಲ್ಲಿ) ತೆರಿಗೆಗಾಗಿ ಆಸ್ತಿಯ ಮೌಲ್ಯ ನಿಗದಿ ಮಾಡುವ ಕಚೇರಿಯಾದ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ. ಫ್ರಿಸ್ಕೊದಂಥ ಊರು ಕಾಲಿನ್, ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿಕೊಂಡಿರುವುದರಿಂದ ನಿಮ್ಮ ಮನೆ ಯಾವುದಕ್ಕೆ ಸೇರಿದೆಯೆಂದು ಮೊದಲು ನೋಡಿಕೊಳ್ಳಿ. ಅರ್ಜಿಗೆ ಶುಲ್ಕವಿಲ್ಲ. ಮನೆ ಕೊಂಡ ಮೇಲೆ ಸರ್ಕಾರಿ ಪತ್ರದ ಧಾಟಿಯಲ್ಲಿ ಬಂದು ಹಣ ಕೇಳುವ ಕಾಗದಗಳನ್ನು ಬದಿಗಿಡಿ.

ಅರ್ಜಿಗಳು ಹೆಚ್ಚಾಗಿ ಎಡವುವುದು ಡ್ರೈವಿಂಗ್ ಲೈಸೆನ್ಸಿನ ವಿಳಾಸದಲ್ಲಿ. ಕಾರ್ಡನ್ನು ಕೈಗೆತ್ತಿಕೊಂಡು ನೋಡಿ: ಹೊಸ ಮನೆಗೆ ಬಂದು ತಿಂಗಳುಗಳಾಗಿದ್ದರೂ ಅದರಲ್ಲಿ ಹಳೆಯ ಅಪಾರ್ಟ್‌ಮೆಂಟಿನ ನಂಬರೇ ಉಳಿದಿರುತ್ತದೆ. ಮೊದಲು ವಿಳಾಸ ಬದಲಿಸಿ, ಹೊಸ ಕಾರ್ಡಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಪೌರತ್ವ ಇರಬೇಕೆಂಬ ಷರತ್ತಿಲ್ಲದ ಕಾರಣ ಎಚ್-1ಬಿ ವೀಸಾದಲ್ಲಿರುವವರೂ ಅರ್ಜಿ ಹಾಕಬಹುದು. ಆದರೆ ಬಾಡಿಗೆಗೆ ಕೊಟ್ಟ ಎರಡನೆಯ ಮನೆಗೆ ವಿನಾಯಿತಿ ಕೇಳುವಂತಿಲ್ಲ.

ಸಾಮಾನ್ಯ ಗಡುವು ಏಪ್ರಿಲ್ 30. ಅದು ದಾಟಿತೆಂದು ಕೈಬಿಡಬೇಡಿ, ತೆರಿಗೆ ಬಾಕಿಯಾಗುವ ದಿನದಿಂದ ಎರಡು ವರ್ಷದವರೆಗೂ ತಡವಾದ ಅರ್ಜಿಗೆ ಅವಕಾಶವಿದೆ. ಒಮ್ಮೆ ಮಂಜೂರಾದರೆ ಪ್ರತಿವರ್ಷ ಅರ್ಜಿ ಹಾಕಬೇಕಿಲ್ಲ, ಆದರೆ ಕಚೇರಿಯು ಐದು ವರ್ಷಕ್ಕೊಮ್ಮೆಯಾದರೂ ಅರ್ಹತೆಯನ್ನು ಪರಿಶೀಲಿಸುವುದರಿಂದ ಅಲ್ಲಿಂದ ಬಂದ ಪತ್ರಕ್ಕೆ ತಪ್ಪದೆ ಉತ್ತರಿಸಿ. ತಂದೆತಾಯಿಯರ ಆರೈಕೆಗೆಂದು ಊರಿಗೆ ಹೋಗಿ ಕೆಲವು ತಿಂಗಳು ಇರಬೇಕಾಗಿ ಬಂದರೆ ಗಾಬರಿ ಬೇಡ: ಮರಳುವ ಉದ್ದೇಶವಿದ್ದು, ಬೇರೆಡೆ ಕಾಯಂ ಮನೆ ಮಾಡದೆ, ಎರಡು ವರ್ಷದೊಳಗೆ ಹಿಂತಿರುಗಿದರೆ ವಿನಾಯಿತಿ ಉಳಿಯುತ್ತದೆ.

ಮಂಜೂರಾತಿಯನ್ನು ಅಪ್ರೈಸಲ್ ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ಮನೆಯ ವಿಳಾಸ ಹಾಕಿ ಖಚಿತಪಡಿಸಿಕೊಳ್ಳಿ. ತೆರಿಗೆಯನ್ನು ಸಾಲದ ಕಂತಿನ ಜೊತೆ ಎಸ್ಕ್ರೋ ಖಾತೆಯ (ತೆರಿಗೆಗೆಂದು ಸಾಲ ಕೊಟ್ಟವರು ಹಣ ಕೂಡಿಡುವ ಖಾತೆ) ಮೂಲಕ ಕಟ್ಟುತ್ತಿದ್ದರೆ, ಸಾಲ ಕೊಟ್ಟವರಿಗೆ ವಿಷಯ ತಿಳಿಸಿ ಕಂತನ್ನು ಮತ್ತೆ ಲೆಕ್ಕ ಹಾಕಲು ಕೇಳಿ.