ಮನೆಯಲ್ಲಿ ಕೃತಜ್ಞತಾ ಪ್ರಾರ್ಥನೆ ಇಡುವವರಿಗೆ

ಮಗುವಿನ ಕಾಯಿಲೆ ವಾಸಿಯಾದಾಗ, ಕೈತಪ್ಪಿದ್ದ ಕೆಲಸ ಮತ್ತೆ ಸಿಕ್ಕಾಗ, ಬಹುಕಾಲ ಬಾಡಿಗೆಯ ಖೋಲಿಯಲ್ಲಿದ್ದವರು ಸ್ವಂತ ಮನೆಗೆ ಬಂದಾಗ, ಮುಂಬಯಿಯ ಕನ್ನಡ ಕ್ರೈಸ್ತ ಕುಟುಂಬಗಳು ತಮ್ಮ ಚರ್ಚಿನ ಸಭೆಯವರನ್ನು ಕರೆದು ಕೃತಜ್ಞತಾ ಪ್ರಾರ್ಥನೆ ಇಡುತ್ತವೆ. ಸಭೆಯ ಪಾದ್ರಿಗಳಾದ ಸಭಾಪಾಲಕರನ್ನು ಕೇಳಿ ದಿನ ಗೊತ್ತುಮಾಡುವುದು, ಕುರ್ಚಿ ಹೊಂದಿಸುವುದು ಎಲ್ಲರಿಗೂ ತಿಳಿದ ಕೆಲಸಗಳು. ಯಾವುದಕ್ಕಾಗಿ ಸ್ತೋತ್ರ ಹೇಳುತ್ತಿದ್ದೇವೆಂದು ಮೊದಲೇ ಕುಳಿತು ಯೋಚಿಸುವುದು ಮಾತ್ರ ಅನೇಕ ಮನೆಗಳಲ್ಲಿ ಬಿಟ್ಟುಹೋಗುತ್ತದೆ.

ಆದ್ದರಿಂದ ಒಂದು ವಾರ ಮುಂಚೆಯೇ ಮನೆಯವರೆಲ್ಲರೂ ಲೂಕನ ಸುವಾರ್ತೆಯ 17ನೆಯ ಅಧ್ಯಾಯವನ್ನು ಓದಿರಿ. ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದರೂ ಯೇಸುವಿನ ಬಳಿಗೆ ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಎಣಿಸುತ್ತಿದ್ದ ಸಮಾರ್ಯದವನು. ಆಮೇಲೆ ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದ 8 ಮತ್ತು 9ನೆಯ ವಚನಗಳನ್ನು ನಿಧಾನವಾಗಿ ಓದಿರಿ. ರಕ್ಷಣೆಯು ಕೃಪೆಯಿಂದಾದದ್ದು, ಅದು ದೇವರ ವರ, ಹೊಗಳಿಕೊಳ್ಳಲು ಯಾರಿಗೂ ಆಸ್ಪದವಿಲ್ಲ ಎಂದು ಪೌಲನು ಅಲ್ಲಿ ಹೇಳುತ್ತಾನೆ.

ಸಾಕ್ಷಿ ಹೇಳುವವರು, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವವರು, ಅದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು ಮತ್ತು ಬರೆದದ್ದರಲ್ಲಿ 'ನಾನು ಹೀಗೆ ಮಾಡಿದ್ದರಿಂದ' ಎಂಬ ಅರ್ಥ ಬರುವ ವಾಕ್ಯಗಳನ್ನು ಹುಡುಕಿ ಹೊಡೆದುಹಾಕಬೇಕು. ಇದನ್ನು ನಾನು ನೋವಿನಿಂದ ಕಲಿತೆ. ನಮ್ಮವರು ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ವರ್ಷ, ಪ್ರತಿ ಶುಕ್ರವಾರ ಉಪವಾಸವಿದ್ದು ಬೇಡಿದ್ದಕ್ಕೆ ದೇವರು ಅವರನ್ನು ಉಳಿಸಿಕೊಟ್ಟನೆಂದು ಎಲ್ಲರ ಮುಂದೆ ಹೇಳಿದೆ. ಬಾಗಿಲ ಬಳಿ ಕುಳಿತಿದ್ದ ನಮ್ಮ ಸಭೆಯ ಅಕ್ಕನೊಬ್ಬರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ತಲೆತಗ್ಗಿಸಿದರು. ಅವರೂ ನನ್ನಷ್ಟೇ ಉಪವಾಸವಿದ್ದು ಬೇಡಿದ್ದರು. ಅವರ ಯಜಮಾನರು ಉಳಿಯಲಿಲ್ಲ. ಕೃಪೆಯನ್ನು ಕೂಲಿಯಂತೆ ಹೇಳಿದರೆ, ಬೇಡಿಯೂ ಪಡೆಯದವರನ್ನು ನಾವೇ ತಪ್ಪಿತಸ್ಥರನ್ನಾಗಿ ಮಾಡಿದಂತಾಗುತ್ತದೆ. ಲೂಕನ 18ನೆಯ ಅಧ್ಯಾಯದಲ್ಲಿ ತಾನೇ ನೀತಿವಂತನೆಂದುಕೊಂಡಿದ್ದ ಫರಿಸಾಯನ ಪ್ರಾರ್ಥನೆಯೂ ಸ್ತೋತ್ರದಿಂದಲೇ ಆರಂಭವಾಗುತ್ತದೆ, ಆದರೆ ಅದರ ತುಂಬ ಅವನ ಉಪವಾಸ ಮತ್ತು ದಶಮಾಂಶದ ಲೆಕ್ಕವೇ ಇದೆ. ನಡೆದದ್ದನ್ನು ನಡೆದಂತೆ ಹೇಳಿರಿ: ಯಾವ ರಾತ್ರಿ ಭಯವಾಯಿತು, ಯಾರು ರಕ್ತ ಕೊಟ್ಟರು, ಯಾವ ನೆರೆಯವರು ಮಕ್ಕಳಿಗೆ ಊಟ ಹಾಕಿದರು. ಕಷ್ಟ ಇನ್ನೂ ತೀರಿಲ್ಲದಿದ್ದರೆ ಅದನ್ನೂ ಮುಚ್ಚಿಡಬೇಕಾಗಿಲ್ಲ. ಎಲ್ಲದರಲ್ಲಿಯೂ ಸ್ತೋತ್ರ ಮಾಡಿರೆಂದು ಥೆಸಲೋನಿಕದವರಿಗೆ ಬರೆದ ಪೌಲನೇ, ತನ್ನ ಶರೀರವನ್ನು ಶೂಲದಂತೆ ಚುಚ್ಚುತ್ತಿದ್ದ ಬಾಧೆಯನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡಾಗ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಪಡೆದವನು.

ವಾಚನಕ್ಕೆ 136ನೆಯ ಕೀರ್ತನೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ಕೀರ್ತನೆಯ 26 ವಚನಗಳೂ ದೇವರ ಕೃಪೆ ಶಾಶ್ವತವೆಂಬ ಒಂದೇ ಪಲ್ಲವಿಯಿಂದ ಮುಗಿಯುವುದರಿಂದ, ಹಿರಿಯರೊಬ್ಬರು ಮೊದಲರ್ಧ ಓದಿದರೆ ಮಕ್ಕಳು ಪಲ್ಲವಿಯನ್ನು ಬಾಯಿಪಾಠವಾಗಿ ಹೇಳಬಹುದು. ನಮ್ಮ ಮನೆಯಲ್ಲಿ 25ನೆಯ ವಚನವಾದ ಮೇಲೆ ಸ್ವಲ್ಪ ನಿಲ್ಲಿಸುತ್ತೇವೆ. ಬಂದವರಲ್ಲಿ ಮನಸ್ಸಿದ್ದವರು ತಮಗಾದ ಉಪಕಾರವನ್ನು ಒಂದೇ ವಾಕ್ಯದಲ್ಲಿ ಹೇಳುತ್ತಾರೆ, ಎಲ್ಲರೂ ಅದೇ ಪಲ್ಲವಿಯಿಂದ ಉತ್ತರಿಸುತ್ತಾರೆ, ಕೊನೆಗೆ 26ನೆಯ ವಚನವನ್ನು ಓದುತ್ತೇವೆ. ಆ ಅಕ್ಕನವರು ಎರಡು ವರ್ಷ ಸುಮ್ಮನೆ ಕುಳಿತಿದ್ದರು. ಮೂರನೆಯ ವರ್ಷ, 'ಒಬ್ಬಳೇ ಮಲಗಲು ಕಲಿಸಿದನು' ಎಂದರು. ಮಕ್ಕಳು ಎಂದಿನ ದನಿಯಲ್ಲೇ ಪಲ್ಲವಿ ಹೇಳಿದರು.

ಕಾಣಿಕೆಯ ಲಕೋಟೆಯನ್ನು ಮನೆಯವರೇ ಶಾಂತವಾಗಿ ಸಭಾಪಾಲಕರ ಕೈಗೆ ಕೊಡಲಿ, ಮೊತ್ತವನ್ನು ಹೇಳುವುದು ಬೇಡ. ಡೊಂಬಿವಲಿಗೂ ವಸಾಯಿಗೂ ಲೋಕಲ್ ರೈಲು ಹಿಡಿಯಬೇಕಾದವರು ಇರುವುದರಿಂದ ಪ್ರಾರ್ಥನೆಯನ್ನು ಒಂದು ಗಂಟೆಯೊಳಗೆ ಮುಗಿಸಬೇಕು.

ತಿಂಡಿಯ ವಿಷಯದಲ್ಲಿ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ನಮಗೆ ದಾರಿ ತೋರಿಸುತ್ತದೆ: ಪ್ರಥಮಫಲದ ಪುಟ್ಟಿಯನ್ನು ದೇವರ ಮುಂದಿಟ್ಟವನು ದೇವರ ಸೇವೆಗೆ ನೇಮಕವಾದ ಲೇವಿಯರೊಡನೆ, ತನ್ನ ನಡುವೆ ವಾಸಿಸುವ ಪರದೇಶಿಯೊಡನೆ ಸಂತೋಷಪಡಬೇಕು. ಆದಕಾರಣ ಕಟ್ಟಡದ ವಾಚ್‌ಮನ್ನರಿಗೂ ಪಾತ್ರೆ ತೊಳೆಯಲು ಬರುವ ಬಾಯಿಯವರಿಗೂ ಉಳಿದದ್ದನ್ನು ಕಟ್ಟಿಕೊಡದೆ, ಉಪ್ಪಿಟ್ಟು ಬಿಸಿಯಾಗಿರುವಾಗಲೇ ಮೊದಲ ತಟ್ಟೆಗಳನ್ನು ಅವರಿಗೆ ಕೊಡಿರಿ.